ಪೈಲ್ವಾನನ ತೊಡೆಯ ಬೂಷ್ಟು

ಈ ರೋಗದಿಂದ ಯಾರೂ ಸಾಯುವುದಿಲ್ಲ. ಅದಕ್ಕೇ ಇರಬೇಕು, ಇದರ ಬಗ್ಗೆ ಯಾರೂ ಬರೆಯುವುದೂ ಇಲ್ಲ. ಕ್ಷಯ ಬಂದವರು ಬರೆದಿದ್ದಾರೆ, ಹೃದಯ ಕೈಕೊಟ್ಟವರು ಬರೆದಿದ್ದಾರೆ, ಓದಿದರೆ ಕಣ್ಣು ತುಂಬುತ್ತದೆ. ತೊಡೆಸಂದಿಯಲ್ಲಿ ಗಜಕರ್ಣ ಎದ್ದವನ ಕಥೆ ಕೇಳಿದರೆ ಯಾರ ಕಣ್ಣೂ ತುಂಬುವುದಿಲ್ಲ. ಒಂದೋ ಮೂಗು ಮುರಿಯುತ್ತಾರೆ, ಇಲ್ಲವೇ ನಗುತ್ತಾರೆ. ನಾನು ಎರಡನ್ನೂ ಕಂಡಿದ್ದೇನೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಯಾರಿಗೂ ಹೇಳಲಾಗದೆ ಕೆರೆದುಕೊಳ್ಳುತ್ತ ನಿಂತವರು ಒಬ್ಬರಾದರೂ ಇದನ್ನು ಓದಿ ‘ಇವನಿಗೂ ಹೀಗಾಗಿತ್ತಂತೆ’ ಅಂದುಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ಚೆಂದ ಮಾಡಿ ಹೇಳಲು ಇದರಲ್ಲಿ ಏನೂ ಇಲ್ಲ. ಹೊಲಸನ್ನು ಹೊಲಸೆಂದೇ ಹೇಳುತ್ತೇನೆ.

ಅರವತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ಮೂರು ವರ್ಷ. ಧಾರವಾಡದಲ್ಲಿ ಕೆಲಗೇರಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಅಪ್ಪ ತೀರಿಕೊಂಡಿದ್ದ. ಅವ್ವ, ಅಣ್ಣ, ನಾವು ವೈನಿ ಎನ್ನುವ ಅತ್ತಿಗೆ, ಅವರ ಮೂರು ವರ್ಷದ ಮಗಳು ಶಾಂತಾ ಮತ್ತು ನಾನು ಒಟ್ಟಿಗಿದ್ದೆವು. ಅಣ್ಣ ಹುಬ್ಬಳ್ಳಿಯ ಒಂದು ಹತ್ತಿ ವಖಾರಿಯಲ್ಲಿ ಕೆಲಸಕ್ಕಿದ್ದ. ನಾನು ಒಂದು ಕಚೇರಿಯಲ್ಲಿ ಗುಮಾಸ್ತ. ಅದು ಹೊಟ್ಟೆಪಾಡಿಗೆ. ಜೀವ ಇದ್ದದ್ದು ಗರಡಿಮನೆಯಲ್ಲಿ.

ದಿನಾ ಬೆಳಿಗ್ಗೆ ಎದ್ದು ದಂಡ ಹೊಡೆದು, ಬೈಠಕ್ ತೆಗೆದು, ಕೆಮ್ಮಣ್ಣಿನ ಕಣಕ್ಕಿಳಿದು ಜೋಡಿ ಹಿಡಿಯದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಕುಸ್ತಿ ಕಲಿಸುವ ಗುರುವಿಗೆ ನಮ್ಮಲ್ಲಿ ವಸ್ತಾದ ಎನ್ನುತ್ತಾರೆ. ನಮ್ಮ ವಸ್ತಾದರು ಫಕೀರಪ್ಪ. ಅರವತ್ತರ ಹತ್ತಿರದ ವಯಸ್ಸು, ಬಾಗಿಲು ತುಂಬುವಂಥ ಮೈ. ಮದುವೆಯಾಗಿರಲಿಲ್ಲ. ‘ಕುಸ್ತಿ ಸಲುವಾಗಿ ಸಂಸಾರಾನ ಬಿಟ್ಟ ಮನಷ್ಯಾ’ ಎಂದು ಓಣಿಯೆಲ್ಲ ಅವರಿಗೆ ಕೈಮುಗಿಯುತ್ತಿತ್ತು. ಅವರು ಧೋತರವನ್ನು ಕಣಕಾಲಿನವರೆಗೆ ಉಟ್ಟು, ಕಣದ ದಂಡೆಯ ಮೇಲೆ ನಿಂತು ಪಟ್ಟು ಹೇಳಿಕೊಡುತ್ತಿದ್ದರು. ಚಲೋ ಹಿಡಿದವನನ್ನು ಹತ್ತಿರ ಕರೆದು, ತಾವು ಮೈ ಒರೆಸಿಕೊಳ್ಳುವ, ಹೆಗಲ ಮೇಲಿನ ಕೆಂಪು ಟವೆಲ್ಲಿನಿಂದ ಅವನ ಬೆನ್ನು, ಎದೆ, ತೊಡೆ ಒರೆಸುತ್ತಿದ್ದರು. ನಮಗೆ ಅದಕ್ಕಿಂತ ದೊಡ್ಡ ಬಹುಮಾನ ಇರಲಿಲ್ಲ. ಆ ವರ್ಷ ಹೆಚ್ಚಾಗಿ ಆ ಟವೆಲ್ಲು ಬಿದ್ದದ್ದು ನನ್ನ ಮೈಮೇಲೆ.

ಮಳೆಗಾಲದಲ್ಲಿ ಅದು ಶುರುವಾಯಿತು. ಎಡದೊಡೆಯ ಒಳಗೆ, ಅಂಗಿಯ ಗುಂಡಿಯಷ್ಟು ಕೆಂಪು ವೃತ್ತ. ನಮ್ಮ ಕಡೆ ತುರಿಕೆಗೆ ‘ತಿಂಡಿ’ ಎನ್ನುತ್ತಾರೆ. ಆ ಮಾತು ಎಷ್ಟು ಸರಿ ಎಂದು ನನಗೆ ಆಗ ತಿಳಿಯಿತು. ಏನೋ ಒಂದು ಅಲ್ಲಿ ಕುಳಿತು ನನ್ನನ್ನು ತಿನ್ನುತ್ತಿತ್ತು. ಹದಿನೈದು ದಿನದಲ್ಲಿ ಗುಂಡಿ ಹೋಗಿ ಬಳೆಯಾಯಿತು. ನಡುವೆ ಚರ್ಮ ಸರಿಹೋದಂತೆ ಕಾಣುತ್ತಿತ್ತು, ಅಂಚಿನಲ್ಲಿ ಮಾತ್ರ ಸಣ್ಣ ಸಣ್ಣ ಗುಳ್ಳೆ, ಹೊಟ್ಟಿನಂಥ ಪುಡಿ. ಕೆರೆದರೆ ನೀರು ಬರುತ್ತಿತ್ತು. ಆ ನೀರು ಲಂಗೋಟಿಗೆ ಅಂಟಿ ಒಣಗಿ, ಸಂಜೆ ಬಿಚ್ಚುವಾಗ ಚರ್ಮವನ್ನೂ ಕಿತ್ತುಕೊಂಡು ಬರುತ್ತಿತ್ತು. ಬೆವರು, ಎಣ್ಣೆ, ಹಳಸಿದ ಅಂಬಲಿ ಎಲ್ಲ ಸೇರಿದ ಒಂದು ವಾಸನೆ ಬೆರಳಿಗೆ ಹತ್ತಿರುತ್ತಿತ್ತು. ಊಟಕ್ಕೆ ಕೂತಾಗ ರೊಟ್ಟಿ ಮುರಿದ ಕೈಯನ್ನು ಮೂಗಿನ ಹತ್ತಿರ ತರಲು ಹೆದರುತ್ತಿದ್ದೆ.

ಕಚೇರಿಯಲ್ಲಿ ಬೆತ್ತದ ಕುರ್ಚಿ. ಕೂತರೆ ತುರಿಕೆ, ಎದ್ದು ನಿಂತರೆ ಉರಿ. ಮೇಜಿನ ಕೆಳಗೆ ಕೈಬಿಟ್ಟು ಸ್ಕೇಲಿನ ಅಂಚಿನಿಂದ ಕೆರೆದುಕೊಳ್ಳುತ್ತಿದ್ದೆ. ಒಂದು ದಿನ ಪಕ್ಕದ ಮೇಜಿನವರು ಆ ಸ್ಕೇಲನ್ನು ಕೇಳಿದರು. ಕೊಟ್ಟೆ. ಅವರು ಗೆರೆ ಎಳೆದು, ಮರೆತು ಅದನ್ನು ಹಲ್ಲಿನ ನಡುವೆ ಹಿಡಿದುಕೊಂಡು ಕಾಗದ ತಿರುವಿಹಾಕಿದರು. ನಾನು ಎದ್ದು ಹೊರಗೆ ಹೋಗಿಬಿಟ್ಟೆ.

ಯಾರಿಗೂ ಹೇಳಲಿಲ್ಲ. ನನ್ನ ಔಷಧ ನಾನೇ ಮಾಡಿಕೊಂಡೆ. ತಗಚಿ ಬೀಜ ಅರೆದು ನಿಂಬೆರಸದಲ್ಲಿ ಕಲಸಿ ಹಚ್ಚಿದೆ. ಸೀಮೆಎಣ್ಣೆ ಹಚ್ಚಿದೆ, ಬೊಬ್ಬೆ ಎದ್ದು ಎರಡು ದಿನ ಕಾಲು ಅಗಲಿಸಿ ನಡೆದೆ. ಸಂತೆಯಲ್ಲಿ ಮಾರುವ, ಡಾಂಬರಿನಂಥ ಕರಿ ಮಲಾಮಿನ ಡಬ್ಬಿ ತಂದೆ. ಅದು ಧೋತರಕ್ಕೆ ಹತ್ತಿ, ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಆ ಕಲೆಯೇ ನನ್ನನ್ನು ಹಿಡಿದುಕೊಟ್ಟಿತು.

ಅವ್ವ ಧೋತರವನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಹಿತ್ತಲಿಂದ ಬಂದಳು.

“ಬಸೂ, ಖರೇ ಹೇಳು. ಎಲ್ಲೆ ಹೋಗಿದ್ದಿ?”

“ಎಲ್ಲೂ ಹೋಗಿಲ್ಲಬೇ.”

“ಹೋಗದನ ಆ ಜಾಗಾದಾಗ ಬರ್ತೈತೇನು? ಯಾವಾಕಿ ಮನಿಗೆ ಹೋಗಿದ್ದಿ ಹೇಳು. ನಿಮ್ಮಪ್ಪ ಇದ್ದಿದ್ರ ನಿನ್ನ ಕಾಲ ಮುರೀತಿದ್ದ.”

“ಯವ್ವಾ, ಗಜಕರ್ಣಬೇ ಅದು. ಗರಡಿಮನ್ಯಾಗ ಎಲ್ಲಾರಿಗೂ ಬರ್ತಾವ.”

ಅವಳು ನಂಬಲಿಲ್ಲ. ಧೋತರವನ್ನು ಒಲೆಗೆ ಹಾಕಿದಳು. ಅವತ್ತಿನಿಂದ ನನ್ನ ತಾಟು, ಚರಿಗೆ ಬೇರೆಯಾದವು. ಅವ್ವ ನನಗೆ ಬಡಿಸುವಾಗ ಕೈ ಎತ್ತರದಲ್ಲಿ ಹಿಡಿದು ಮೇಲಿನಿಂದ ರೊಟ್ಟಿ ಬಿಡುತ್ತಿದ್ದಳು. ಅದು ಸಿಟ್ಟಾಗಿದ್ದರೆ ತಡೆಯಬಹುದಿತ್ತು. ಅದು ಹೇಸಿಗೆ, ಅವಳ ಮುಖದಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು.

ಅದೇ ವಾರ ಒಂದು ಔಷಧದ ಅಂಗಡಿಗೆ ಹೋದೆ. ಗಿರಾಕಿಗಳೆಲ್ಲ ಹೋಗುವವರೆಗೆ ಕಾದು ಪಿಸುಗುಟ್ಟಿ ಹೇಳಿದೆ. ಅಂಗಡಿಯವರು ನಕ್ಕರು. “ಇಷ್ಟಕ್ಕ ಹೆದರ್ತಾರೇನ್ರಿ ಪೈಲ್ವಾನ್ರ? ಹೊಸಾ ಮಲಾಮು ಬಂದೈತಿ, ಭಾರಿ ಐತಿ, ಹಚ್ಚಿ ನೋಡ್ರಿ” ಎಂದು ಒಂದು ಸಣ್ಣ ಟ್ಯೂಬು ಕೊಟ್ಟರು. ಬೆಳ್ಳಗೆ, ಬೆಣ್ಣೆಯ ಹಾಗೆ, ವಾಸನೆಯೇ ಇಲ್ಲ. ಹಚ್ಚಿದ ಎರಡನೆಯ ದಿನಕ್ಕೆ ತುರಿಕೆ ನಿಂತಿತು. ನಾಲ್ಕನೆಯ ದಿನಕ್ಕೆ ಕೆಂಪು ಇಳಿಯಿತು. ನಾನು ಆ ಟ್ಯೂಬನ್ನು ಹಣೆಗೆ ಒತ್ತಿಕೊಂಡೆ. ಉರಿ ಜೋರಾದಾಗಿನಿಂದ ಬಿಟ್ಟಿದ್ದ ಕಣಕ್ಕೆ ಮತ್ತೆ ಇಳಿದೆ, ಶಾಂತಾಳನ್ನು ಮತ್ತೆ ಎತ್ತಿಕೊಂಡೆ. ಆ ಹುಡುಗಿಗೆ ನನ್ನ ಸೊಂಟದ ಮೇಲೆ ಕೂತು ಓಣಿ ಸುತ್ತುವುದೆಂದರೆ ಪ್ರಾಣ.

ಒಂದು ತಿಂಗಳು ಕಳೆದಿರಬೇಕು. ಮಲಾಮು ಹಚ್ಚದಿದ್ದ ದಿನ ತುರಿಕೆ ಎರಡರಷ್ಟಾಗುತ್ತಿತ್ತು. ಹಚ್ಚಿದ ದಿನ ಸುಮ್ಮನಿರುತ್ತಿತ್ತು, ಆದರೆ ಬೆಳೆಯುತ್ತಿತ್ತು. ಬಳೆ ಹೋಗಿ ತಾಟಾಯಿತು. ತೊಡೆಯಿಂದ ಹಿಂದಕ್ಕೆ, ಹಿಂದಿನಿಂದ ಸೊಂಟಕ್ಕೆ, ಸೊಂಟದಿಂದ ಹೊಟ್ಟೆಗೆ ವೃತ್ತದೊಳಗೆ ವೃತ್ತವಾಗಿ ಹಬ್ಬಿತು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಒಳಗಿನ ನರ ಕಾಣುತ್ತಿದ್ದವು. ಕನ್ನಡಿಯಲ್ಲಿ ನೋಡಿಕೊಂಡರೆ ತೇವಕ್ಕೆ ಕೆಟ್ಟ ಗೋಡೆಯ ಹಾಗೆ ಕಾಣುತ್ತಿದ್ದೆ. ಇದೇ ಮೈಗೆ ಎಣ್ಣೆ ಹಚ್ಚಿಕೊಂಡು ಮೆರೆದವನು ನಾನು.

ಗರಡಿಮನೆಯಲ್ಲಿ ಒಬ್ಬೊಬ್ಬರೇ ನನ್ನ ಜೊತೆ ಜೋಡಿ ಹಿಡಿಯುವುದನ್ನು ಬಿಟ್ಟರು. ಒಬ್ಬ ನನ್ನ ಸೊಂಟಕ್ಕೆ ಕೈಹಾಕಿದವನು ಬಿಸಿ ಹಂಚು ಮುಟ್ಟಿದವನಂತೆ ಕೈ ಕಿತ್ತುಕೊಂಡು, ಎಲ್ಲರೆದುರು ಮಣ್ಣಿಗೆ ಉಜ್ಜಿದ. ವಸ್ತಾದರು ಮಾತ್ರ ಬೇಡವೆನ್ನಲಿಲ್ಲ.

“ಮಣ್ಣಾಗ ಹೊಳ್ಳಾಡು. ಮಣ್ಣ ಅಂದ್ರ ನಮ್ಮವ್ವ ಇದ್ದಂಗ. ಎಂಥಾ ರೋಗಾನೂ ತಿಂದ ಹಾಕತೈತಿ” ಎಂದರು. ಟವೆಲ್ಲಿನಿಂದ ನನ್ನ ಮೈ ಒರೆಸಿದರು. ಅವರ ಕಣ್ಣು ನನ್ನ ತೊಡೆಯ ಮೇಲೆ ಬಹಳ ಹೊತ್ತು ನಿಂತದ್ದು ನನಗೆ ಕಂಡಿತು. ನಾಚಿಕೆಯಿಂದ ತಿರುಗಿ ನಿಂತೆ.

ಆಮೇಲೆ ಶಾಂತಾಳ ಕೆನ್ನೆಯ ಮೇಲೆ ಒಂದು ವೃತ್ತ ಎದ್ದಿತು. ಹೊಟ್ಟೆಯ ಮೇಲೆ ಎರಡು, ನನ್ನ ಸೊಂಟಕ್ಕೆ ತಾಗುವ ತೊಡೆಯ ಮೇಲೆ ಒಂದು. ವೈನಿ ಕೂಗಾಡಲಿಲ್ಲ. ಮಗುವಿನ ಅಂಗಿ ಎತ್ತಿ ನನಗೆ ತೋರಿಸಿದಳು, ಇಳಿಸಿದಳು. ಒಂದೇ ಮಾತು ಹೇಳಿದಳು: “ನಿಮಗ ಬಂದಿದ್ದು ನೀವು ಇಟಗೋಬೇಕಿತ್ತು.” ಮರುದಿನ ಮಗಳನ್ನು ಕರೆದುಕೊಂಡು ಮುಗದಕ್ಕೆ, ತನ್ನ ತವರಿಗೆ ಹೋದಳು. ಹೋಗುವಾಗ ಶಾಂತಾ “ಕಾಕಾ, ಎತ್ತಕೋ” ಎಂದು ಕೈ ಚಾಚಿದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಅದಕ್ಕೆ ಅರ್ಥವಾಗಲಿಲ್ಲ, ಅತ್ತಿತು.

ಅಣ್ಣ ಅವತ್ತು ಸಂಜೆ ಬಂದು, “ನಾಳೆ ರಜಾ ಹಾಕು. ಹುಬ್ಬಳ್ಳಿಗೆ ನಡಿ” ಎಂದ.

ವಿದ್ಯಾನಗರದಲ್ಲಿ ಬಸ್ಸಿಳಿದು ದೊಡ್ಡ ದವಾಖಾನೆಗೆ ಹೋದೆವು. ಚರ್ಮರೋಗದ ಕೋಣೆಯ ಮುಂದೆ ಉದ್ದ ಪಾಳಿ, ಗೋಡೆಗುಂಟ ಬೆಂಚು. ಅಲ್ಲಿ ಕಂಡದ್ದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ರೋಗಿಗಳು ಒಬ್ಬರನ್ನು ಕಂಡು ಒಬ್ಬರು ಹೇಸುತ್ತಿದ್ದರು. ಕಜ್ಜಿಯವನು ಕುರುವಿನವನಿಂದ ಸರಿದು ಕೂತಿದ್ದ. ಕುರುವಿನವನು ತೊನ್ನು ಬಂದವಳ ಕಡೆ ಬೆನ್ನು ಮಾಡಿದ್ದ. ನಾನು ಕೂಡ ಕಡಿಮೆಯಲ್ಲ. ಕೀವಿನ ಬಟ್ಟೆ ಕಟ್ಟಿದ್ದ ಕಾಲೊಂದನ್ನು ಕಂಡು ದೂರ, ಬಾಗಿಲ ಬಳಿ ನಿಂತೆ. ಆ ಕಾಲಿನ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಬೆಂಚನ್ನು ಕೈಯಿಂದ ಬಡಿದು ಕರೆದಳು.

“ಕೂಡ ಬಾರೋ ತಮ್ಮಾ. ಎಷ್ಟೊತ್ತಂತ ನಿಂದರ್ತೀ? ನಂದೂ ಹೊಲಸ, ನಿಂದೂ ಹೊಲಸ. ಹೊಲಸಿಗೆ ಹೊಲಸ ಹತ್ತಿದ್ರ ಏನ ಹೆಚ್ಚ ಆಗ್ತೈತಿ?”

ಕೂತೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದಿದ್ದರು. ಅವಳ ಕಾಲಿನ ನಾತ ಮಾತ್ರ ಸಹಿಸಲು ಆಗುತ್ತಿರಲಿಲ್ಲ. ಬಾಯಿಂದ ಉಸಿರಾಡುತ್ತ ಕೂತೆ.

ಡಾಕ್ಟರು ನೋಡಿದ್ದು ಒಂದು ನಿಮಿಷ. ಆಮ್ಲದ ಮಲಾಮು ಬರೆದುಕೊಟ್ಟು, ಮೇಲಿನ ಮಹಡಿಯ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿದ್ದವರು ಸುಶೀಲಾಬಾಯಿ ಎಂಬ ಡಾಕ್ಟರು. ನಲವತ್ತರ ಹತ್ತಿರದ ಹೆಂಗಸು, ಬಿಳಿ ಕೋಟು, ದಪ್ಪ ಕನ್ನಡಕ. ಹೆಂಗಸೆದುರು ಧೋತರ ಸರಿಸಬೇಕೆಂದು ತಿಳಿದಾಗ ನಾನು ಹಿಂದಕ್ಕೆ ತಿರುಗಿದೆ.

“ಎಲ್ಲಿ ಹೊಂಟ್ರಿ?” ಎಂದರು.

“ಗಂಡಸ ಡಾಕ್ಟರ ಇಲ್ಲೇನ್ರಿ?”

“ಇಲ್ರಿ. ಮತ್ತ ನನಗ ಬೇಕಾದವರು ನೀವಲ್ಲ, ನಿಮ್ಮ ಮ್ಯಾಲ ಬೆಳದದ್ದು ಬೇಕಾಗೇದ. ಕೂಡ್ರಿ.”

ಮೊಂಡು ಚಾಕುವಿನಿಂದ ವೃತ್ತದ ಅಂಚನ್ನು ಹೆರೆದರು. ಕರಿ ಕಾಗದದ ಮೇಲೆ ಬಿಳಿ ಪುಡಿ ಉದುರಿತು, ತಲೆಯ ಹೊಟ್ಟಿನಂತೆ. ನಾನು ಮುಖ ತಿರುಗಿಸಿದೆ. ಅವರು ಅದನ್ನು ವಿಭೂತಿ ಕಟ್ಟುವಷ್ಟು ಜೋಪಾನವಾಗಿ ಮಡಚಿಟ್ಟರು. ಆಮೇಲೆ ಒಂದೊಂದಾಗಿ ಕೇಳಿದರು. ಏನೇನು ಹಚ್ಚಿದಿರಿ? ಮನೆಯಲ್ಲಿ ಯಾರಿಗಿದೆ? ಗರಡಿಮನೆಯಲ್ಲಿ ಎಷ್ಟು ಜನಕ್ಕಿದೆ? ಮೈ ಒರೆಸಿಕೊಳ್ಳುವುದು ಯಾವುದರಿಂದ? ಗಜಕರ್ಣಕ್ಕೆ ಜನ ಹಚ್ಚುವ ಔಷಧಗಳಲ್ಲಿ ಯಾವುದು ನಿಜವಾಗಿ ಅದನ್ನು ಕೊಲ್ಲುತ್ತದೆ ಎಂದು ಅವರು ಪರೀಕ್ಷೆ ಮಾಡುತ್ತಿದ್ದರು. “ನೀವು ಹಚ್ಚಿದ್ದನ್ನೆಲ್ಲಾ ಮುಂದಿನ ವಾರ ತೊಗೊಂಡು ಬರ್ರಿ. ಕೂಸಿನ್ನೂ ಕರಕೊಂಡು ಬರ್ರಿ. ಮತ್ತ ಆ ಕಣದ ಒಂದು ಹಿಡಿ ಮಣ್ಣು, ಒರಸಿಕೊಳ್ಳೋ ಅರಿವೀದು ಒಂದು ಚೂರು” ಎಂದರು.

ಮಣ್ಣು! ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ನಾವು ಹದ ಮಾಡಿದ್ದು, ಇಳಿಯುವ ಮೊದಲು ಹಣೆಗೆ ಹಚ್ಚಿಕೊಳ್ಳುವಂಥದ್ದು. ಅದನ್ನು ಕೇಳಿಯೇ ಒಯ್ಯಬಹುದಿತ್ತು, ಧೈರ್ಯವಾಗಲಿಲ್ಲ. ಎಲ್ಲರೂ ಹೋದ ಮೇಲೆ ಮೊದಲು ಗೂಟಕ್ಕೆ ನೇತುಹಾಕಿದ್ದ ವಸ್ತಾದರ ಟವೆಲ್ಲಿನ ಅಂಚನ್ನು ನಾಲ್ಕು ಬೆರಳಿನಷ್ಟು ಹರಿದು ಕಿಸೆಗಿಟ್ಟುಕೊಂಡೆ. ಆಮೇಲೆ ಕಾಗದದಲ್ಲಿ ಮಣ್ಣು ಕಟ್ಟುವಾಗ ವಸ್ತಾದರು ಬಂದುಬಿಟ್ಟರು.

“ಏನ ಮಾಡಾಕತ್ತೀ?”

ಹೇಳಿದೆ. ಕೆನ್ನೆಗೆ ಹೊಡೆದರು. ಎಂಟು ವರ್ಷದಲ್ಲಿ ಅವರು ನನಗೆ ಕೈಮಾಡಿದ್ದು ಅದೊಂದೇ ಸಲ.

“ಮಣ್ಣ ಪರೀಕ್ಷಾ ಮಾಡಸ್ತೀ? ಹಡದ ತಾಯಿನ್ನ ಪರೀಕ್ಷಾ ಮಾಡಸ್ತೀಯೇನಲೇ? ಒಯ್ಯಿ. ಒಯ್ದು, ಈ ಬಾಗಲಾ ಮತ್ತ ತುಳೀಬ್ಯಾಡ.”

ಮಣ್ಣಿನ ಜೊತೆ ನಾನು ಹಚ್ಚಿದ್ದ ಔಷಧಗಳನ್ನೂ ಒಯ್ದೆ. ಹುಬ್ಬಳ್ಳಿಯ ಬಸ್ಸಿನಲ್ಲಿ, ಮುಗದದಿಂದ ಬಂದಿದ್ದ ವೈನಿ ಮಗಳನ್ನು ಕಿಟಕಿಯ ಕಡೆ ಕೂರಿಸಿಕೊಂಡು ನನಗಿಂತ ಮೂರು ಸೀಟು ಮುಂದೆ ಕೂತಿದ್ದಳು. ಶಾಂತಾಳ ಕೆನ್ನೆ ಹೆರೆಯುವಾಗ ಅದು ಚೀರಿದ್ದು ಕಾರಿಡಾರಿನಲ್ಲಿ ನಿಂತ ನನಗೆ ಕೇಳಿಸಿತು.

ಹೆರೆದ ಪುಡಿಯಲ್ಲಿರುವುದು ಬೆಳೆದು ಕಾಣಲು ಮೂರು ವಾರ ಬೇಕೆಂದರು. ಆ ಮೂರು ವಾರ ನಾನು ಒಂದು ತಪ್ಪು ಮಾಡಿದೆ. ದವಾಖಾನೆಯ ಆಮ್ಲದ ಮಲಾಮನ್ನು ಒಂದು ದಿನ ಹಚ್ಚಿದೆ. ಕೆಂಡ ಇಟ್ಟ ಹಾಗಾಯಿತು. ಡಬ್ಬಿಯನ್ನು ಅಟ್ಟದ ಮೇಲೆ ಎಸೆದು, ಹೊಸ ಟ್ಯೂಬು ಕೊಂಡು ತಂದು ಮತ್ತೆ ಅದೇ ಬೆಣ್ಣೆಯನ್ನು ಸವರಿಕೊಂಡೆ.

ಮೂರು ವಾರದ ಮೇಲೆ ಸುಶೀಲಾಬಾಯಿ ಒಂದು ಗಾಜಿನ ನಳಿಕೆಯನ್ನು ನನ್ನ ಕೈಗೆ ಕೊಟ್ಟರು. ಒಳಗೆ ಬಿಳಿ ಹತ್ತಿಯಂಥದ್ದು ಮೃದುವಾಗಿ ಉಬ್ಬಿ ಕೂತಿತ್ತು. ಹಿಂದೆ ತಿರುಗಿಸಿದರೆ ಕಡುಗೆಂಪು, ಕುಂಕುಮ ಕಲಸಿದ ಹಾಗೆ.

“ಏನಿದು, ಹೂವೇನ್ರಿ?” ಎಂದೆ.

“ನೀವ ರೀ. ಉಪ್ಪಿನಕಾಯಿ ಭರಣಿ ಮ್ಯಾಲ ಬೂಷ್ಟು ಬರ್ತದಲ್ಲ, ಅದರ ಬಳಗದ್ದು. ನಿಮ್ಮ ತೊಡೀದು.”

ಹಿಡಿದದ್ದನ್ನು ಕೈಬಿಟ್ಟೆ. ಅವರು ಹಿಡಿದುಕೊಳ್ಳದಿದ್ದರೆ ನಳಿಕೆ ಬೀಳುತ್ತಿತ್ತು. ನಾಲ್ಕೈದು ತಿಂಗಳಿಂದ ನನ್ನನ್ನು ತಿಂದದ್ದು ಈಗ ನಾನಿಲ್ಲದೆಯೂ ಸುಖವಾಗಿ ಬೆಳೆದಿತ್ತು. ಸತ್ತು ಹೋದ ಮೇಲೆ ಮಣ್ಣಲ್ಲಿ ಬರಬೇಕಾದ ಬೂಷ್ಟು ನನಗೆ ಬದುಕಿದ್ದಾಗಲೇ ಬಂದಿತ್ತು. ಮೂಲೆಯ ತೊಟ್ಟಿಯವರೆಗೆ ಹೋಗಿ ವಾಂತಿ ಮಾಡಿದೆ. ಅವರು ನೀರು ಕೊಟ್ಟರು. ನಾನು ಬಾಯಿ ಒರೆಸಿಕೊಂಡು ಬಂದ ಮೇಲೆ ಇನ್ನೂ ಎರಡು ನಳಿಕೆ ತೋರಿಸಿದರು. ಒಂದು ಶಾಂತಾಳದ್ದು, ಇನ್ನೊಂದು ಟವೆಲ್ಲಿನ ಚೂರಿನದ್ದು. ಎರಡರ ಹಿಂದೆಯೂ ಅದೇ ಕೆಂಪು.

“ಮಣ್ಣಾಗ?” ಎಂದೆ.

“ಮಣ್ಣಾಗ ಇದು ಸಿಗಲಿಲ್ಲ. ನಿಮ್ಮ ಮಣ್ಣಿನ ಮ್ಯಾಲ ನನಗ ಸಂಶಯ ಇಲ್ಲ.”

ಔಷಧಗಳ ಪರೀಕ್ಷೆಗೆ ಮತ್ತೆ ಹತ್ತು ದಿನ. ಮುಚ್ಚಳವಿದ್ದ ಗಾಜಿನ ತಟ್ಟೆಗಳಲ್ಲಿ ತಿಳಿಗಂಜಿಯಂಥದ್ದನ್ನು ಹೆಪ್ಪುಹಾಕಿ, ಅದರ ತುಂಬ ನನ್ನ ಬೂಷ್ಟನ್ನು ಬಿತ್ತಿ, ನಡುವೆ ಸಣ್ಣ ಕುಳಿ ತೆಗೆದು ಒಂದೊಂದರಲ್ಲಿ ಒಂದೊಂದು ಮಲಾಮು ತುಂಬಿಟ್ಟಿದ್ದರು. ಹತ್ತು ದಿನದ ಮೇಲೆ ಆ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಓದು ಬಾರದವನೂ ಓದಬಹುದಾಗಿತ್ತು. ತಗಚಿಯ ಸುತ್ತ ಕೂದಲೆಳೆಯಷ್ಟು ಜಾಗ ಖಾಲಿ. ಸಂತೆಯ ಕರಿ ಮಲಾಮಿನ ಸುತ್ತ ಸ್ವಲ್ಪ ತೆಳ್ಳಗಾಗಿತ್ತು, ಅಷ್ಟೆ. ನಾನು ಅಟ್ಟಕ್ಕೆ ಎಸೆದಿದ್ದ ಆಮ್ಲದ ಮಲಾಮಿನ ಸುತ್ತ ಮಾತ್ರ ತೊಳೆದಿಟ್ಟಂತೆ ಸ್ವಚ್ಛ, ಅಗಲವಾದ ವೃತ್ತ. ಬೂಷ್ಟು ಅದರ ಗಡಿ ದಾಟಿರಲಿಲ್ಲ.

ಆಮೇಲೆ ನನ್ನ ಬೆಣ್ಣೆಯ ಟ್ಯೂಬಿನ ತಟ್ಟೆ. ಬೂಷ್ಟು ಕುಳಿಯ ಬಾಯಿಯವರೆಗೆ ಬಂದು ಕೂತಿತ್ತು. ಮಲಾಮಿನ ಮೇಲೂ ಬಾಗಿ ಒಳಗೆ ಇಣುಕಿದಂತಿತ್ತು.

“ಆದ್ರ ತಿಂಡಿ ನಿಂತಿತ್ತಲ್ರಿ!” ಎಂದೆ.

“ನಿಂತಿತ್ತು. ಕಾವಲಿನ ನಾಯಿಗೆ ನಿದ್ದಿ ಔಷಧ ಹಾಕಿದಂಗ ಅದು. ನಾಯಿ ಬೊಗಳೋದು ನಿಂತಿತು, ನೀವು ಕಳ್ಳ ಹೋದ ಅಂದ್ರಿ. ಕಳ್ಳ ಮನಿ ತುಂಬ ಅಡ್ಡಾಡಿದ.” ಆಮೇಲೆ ಕೇಳಿದರು: “ಇನ್ನೂ ಹಚ್ಚಾಕತ್ತೀರೇನು?”

ಸುಳ್ಳು ಹೇಳಲಾಗಲಿಲ್ಲ. “ಹೌದ್ರಿ.”

ಅವರು ಬೈಯಲಿಲ್ಲ. “ಗಾಜಿನ ತಟ್ಟ್ಯಾಗ ಸತ್ತದ್ದು ಮೈಮ್ಯಾಲ ಸಾಯ್ತದ ಅಂತ ನಾ ಮಾತು ಕೊಡೋದಿಲ್ಲ. ಆದ್ರ ತಟ್ಟ್ಯಾಗ ಸಾಯದ್ದು ಮೈಮ್ಯಾಲ ಸಾಯ್ತದ ಅಂತ ಯಾಕ ಆಸೆ ಇಟಗೋತೀರಿ?” ಎಂದರು.

ಮನೆಗೆ ಬಂದು ಅಟ್ಟ ಹತ್ತಿ ಡಬ್ಬಿ ಹುಡುಕಿದೆ. ಆಮೇಲಿನ ಎರಡೂವರೆ ತಿಂಗಳು ಉರಿದೆ. ಚರ್ಮ ಹಾವಿನ ಪೊರೆಯಂತೆ ಸುಲಿದು ಹಾಸಿಗೆಯ ತುಂಬ ಉದುರುತ್ತಿತ್ತು. ಬೆಳಿಗ್ಗೆ ಎದ್ದು ಅದನ್ನು ನಾನೇ ಗುಡಿಸಿ ಒಲೆಗೆ ಹಾಕುತ್ತಿದ್ದೆ. ಬಟ್ಟೆಯನ್ನೆಲ್ಲ ಹಂಡೆಯಲ್ಲಿ ಕುದಿಸುತ್ತಿದ್ದೆ. ಅಣ್ಣ ದವಾಖಾನೆಯ ಗಾಜಿನ ತಟ್ಟೆಗಳ ಕಥೆಯನ್ನೆಲ್ಲ ಅವ್ವನಿಗೆ ಹೇಳಿದನಂತೆ. ಒಂದು ದಿನ ಅವ್ವ ಹಂಡೆಯ ಕೆಳಗೆ ಕಟ್ಟಿಗೆ ಸರಿಸುತ್ತ, “ನಾ ಅವತ್ತ ಅನಬಾರದ್ದ ಅಂದೆ” ಎಂದಳು. ಅಂದಿನಿಂದ ರೊಟ್ಟಿಯನ್ನು ತಾಟಿಗೆ ಇಟ್ಟಳು, ಮೇಲಿಂದ ಬಿಡಲಿಲ್ಲ.

ಶಾಂತಾಳಿಗೆ ಅದೇ ಮಲಾಮನ್ನು ತಿಳಿ ಮಾಡಿ ಕೊಟ್ಟಿದ್ದರು. ಒಂದೂವರೆ ತಿಂಗಳಲ್ಲಿ ಕೆನ್ನೆ ಸರಿಯಾಯಿತು. ವೈನಿ ಮುಗದದಿಂದ ಮರಳಿ ಬಂದ ದಿನ ಮಗು ಓಡಿ ಬಂದು ನನ್ನ ಮೊಣಕಾಲು ಹಿಡಿಯಿತು. ವೈನಿ ಒಗೆದ ಬಟ್ಟೆಯೊಂದನ್ನು ತಂದು ನನ್ನ ತೊಡೆಯ ಮೇಲೆ ಹಾಸಿದಳು. ಆಮೇಲೆ ಮಗಳನ್ನು ಅದರ ಮೇಲೆ ಕೂರಿಸಿದಳು. ನನಗೆ ಬೇಸರವಾಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಸುತ್ತಿದ್ದೆ.

ಗರಡಿಮನೆಯ ಬಾಗಿಲಿಗೆ ಹೋದದ್ದು ನನ್ನ ಮೈ ಪೂರ್ತಿ ವಾಸಿಯಾದ ಮೇಲೆ. ಮಧ್ಯಾಹ್ನ. ವಸ್ತಾದರು ಒಬ್ಬರೇ ಕಣಕ್ಕೆ ನೀರು ಚಿಮುಕಿಸುತ್ತಿದ್ದರು. ಹೊಸ್ತಿಲ ಹೊರಗೇ ನಿಂತು ಹೇಳಿದೆ.

“ಮಣ್ಣಾಗ ಏನೂ ಇಲ್ಲಂತರೀ ವಸ್ತಾದ.”

ಅವರ ಕೈ ನಿಂತಿತು. “ನಾ ಹೇಳಿದ್ದಿಲ್ಲೇನು?”

“ಟವೆಲ್ಲಿನ್ಯಾಗ ಐತ್ರಿ. ನಿಮ್ಮ ಟವೆಲ್ಲಿನ್ಯಾಗ. ಅವತ್ತ ನಾ ಅದರ ಅಂಚೂ ಹರಕೊಂಡ ಹೋಗಿದ್ದೆ.”

ಮತ್ತೆ ಹೊಡೆಯುತ್ತಾರೆಂದು ಕಾದೆ. ಅವರು ತಂಬಿಗೆ ಕೆಳಗಿಟ್ಟು, “ಬಾಗಲಾ ಮುಂದ ಮಾಡಿ ಒಳಗ ಬಾ” ಎಂದರು. ಬಂದೆ. ನಾನು ಬಾಗಿಲು ಹಾಕಿದ ಮೇಲೆ ಅವರು ಬೆನ್ನು ತಿರುಗಿಸಿ ನಿಂತು ಧೋತರವನ್ನು ಸೊಂಟದವರೆಗೆ ಎತ್ತಿದರು.

ಸೊಂಟದಿಂದ ಮೊಣಕಾಲಿನವರೆಗೆ ಅವರಿಗೆ ಚರ್ಮವೇ ಇರಲಿಲ್ಲ ಎನ್ನಬೇಕು. ಇದ್ದದ್ದು ಆನೆಯ ತೊಗಲು. ಕರ್ರಗೆ, ದಪ್ಪಗೆ, ಬಿರುಕುಬಿಟ್ಟು, ಬಿರುಕಿನಲ್ಲಿ ಬಿಳಿ ಹೊಟ್ಟು. ಕೆರೆದು ಕೆರೆದು ಅಲ್ಲಲ್ಲಿ ಹೆಪ್ಪುಗಟ್ಟಿದ ರಕ್ತ. ಅದೇ ಹಳಸಿದ ವಾಸನೆ, ನನ್ನದಕ್ಕಿಂತ ನೂರು ಪಟ್ಟು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದನ್ನು ಮುಚ್ಚಿಡುವುದಿಲ್ಲ. ಅದನ್ನೆಲ್ಲ ಅನುಭವಿಸಿ ಬಂದ ನಾನೇ ಸರಿದೆ.

“ಮೂವತ್ತ ವರ್ಷ ಆತು” ಎಂದರು ಗೋಡೆಯ ಕಡೆಗೇ ಮುಖ ಮಾಡಿ. “ಹೆಣ್ಣ ಗೊತ್ತಾಗಿತ್ತು. ಇದನ್ನ ಇಟಗೊಂಡು ಆಕಿ ಮಗ್ಗಲಾಗ ಹೆಂಗ ಮಲಗಲಿ? ಒಲ್ಲೆ ಅಂದೆ. ಮಂದಿ, ಕುಸ್ತಿ ಸಲುವಾಗಿ ಬಿಟ್ಟ ಅಂತ ತಿಳಕೊಂಡ್ರು, ಪಾದಾ ಮುಟ್ಟಿದ್ರು. ನಾನೂ ಸುಮ್ಮನಾದೆ.” ಧೋತರ ಇಳಿಸಿದರು. “ನಿನ್ನ ತೊಡಿ ನೋಡಿದಾಗನ ತಿಳದಿತ್ತು ನನಗ. ಮಣ್ಣ ತಿಂತೈತಿ ಅಂತ ನಿನಗ ಹೇಳಿದೆ. ನನಗ ನಾನೂ ಮೂವತ್ತ ವರ್ಷ ಹಂಗ ಹೇಳಕೋತ ಬಂದೇನಿ.”

ಅವರ ಮೇಲೆ ನನಗೆ ಸಿಟ್ಟಿತ್ತು. ಶಾಂತಾಳ ಕೆನ್ನೆ ನೆನಪಾಯಿತು. ಗೊತ್ತಿದ್ದೂ ಒರೆಸಿದರಲ್ಲ ಎಂದು ಕೇಳಬೇಕೆನಿಸಿತು. ಆ ಅಗಲವಾದ ಬೆನ್ನು ನೋಡುತ್ತ ಕೇಳಲಾಗಲಿಲ್ಲ. “ದವಾಖಾನಿಗೆ ನಡೀರಿ” ಎಂದಷ್ಟೇ ಅಂದೆ. ಅವರು ಒಪ್ಪಲಿಲ್ಲ. ಆದರೆ ಟವೆಲ್ಲನ್ನು ಅವತ್ತೇ ಸುಟ್ಟರು. ಪೈಲ್ವಾನರೆಲ್ಲ ತಮ್ಮ ತಮ್ಮ ಬಟ್ಟೆ ತಾವೇ ತರಬೇಕು, ದಿನಾ ಒಗೆದು ಬಿಸಿಲಿಗೆ ಹಾಕಬೇಕು ಎಂದು ಕಟ್ಟಪ್ಪಣೆ ಮಾಡಿದರು. ಯಾಕೆಂದು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ತಿಂಗಳು ದಿನಾ ಹೋಗಿ ಕೇಳಿದೆ. ಕೊನೆಗೆ ಒಂದು ಬೆಳಿಗ್ಗೆ ಅವರು ಕೋಟು ಹಾಕಿಕೊಂಡು ಬಸ್ ನಿಲ್ದಾಣದಲ್ಲಿ ನನಗಾಗಿ ಕಾಯುತ್ತ ನಿಂತಿದ್ದರು. ಸುಶೀಲಾಬಾಯಿ ನೋಡಿದರು, ಮುಖದಲ್ಲಿ ಒಂದು ಗೆರೆಯೂ ಆಚೀಚೆ ಆಗಲಿಲ್ಲ. ಹೆರೆದ ಪುಡಿಯನ್ನು ಮಡಚುತ್ತ, “ಅಜ್ಜಾರ, ಇದು ಭಾಳ ಹಳೇದು. ಪೂರಾ ಹೋಗ್ತದ ಅಂತ ಹೇಳೂದಿಲ್ಲ. ತಿಂಡಿ ಕಡಿಮಿ ಆಗ್ತದ, ನಿದ್ದಿ ಬರ್ತದ” ಎಂದರು. ವಸ್ತಾದರು ಆ ಮಾತಿಗೆ ಕೈಮುಗಿದರು. ಆ ಮಾತು ನಿಜವಾಯಿತು. ಅವರದು ಪೂರ್ತಿ ಹೋಗಲೇ ಇಲ್ಲ, ಆದರೆ ಕೊನೆಯ ಕೆಲವು ವರ್ಷ ಅವರು ನೆಮ್ಮದಿಯಾಗಿ ಮಲಗಿದರು.

ಮಲಾಮು ಹಚ್ಚಿಕೊಳ್ಳಲು ಅವರ ಕೈ ಮುಂದಕ್ಕೆ ಮುಟ್ಟುತ್ತಿತ್ತು, ಹಿಂದಕ್ಕೆ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದವಾಖಾನೆಯಿಂದ ಬಂದ ಮೊದಲ ದಿನ ಅವರು ಗರಡಿಮನೆಯ ಬಾಗಿಲು ಹಾಕಿ, ಚಾಪೆಯ ಮೇಲೆ ಬೋರಲಾಗಿ ಮಲಗಿದರು. ನಾನು ಡಬ್ಬಿ ತೆರೆದೆ. ಬೆರಳಿಗೆ ಮಲಾಮು ತೆಗೆದುಕೊಂಡೆ. 

ಕೈ ಮುಂದೆ ಹೋಗಲಿಲ್ಲ.

ಅವರು ತಿರುಗಿ ನೋಡದೆಯೇ ಕೇಳಿದರು: “ಬಸ್ಯಾ, ಹೇಸಿಗಿ ಬರಾಕತ್ತೈತೇನು?”

“ಹೌದ್ರಿ ವಸ್ತಾದ.”

“ನನಗೂ ಬರ್ತೈತಿ. ಹಚ್ಚು.”

ಹಚ್ಚಿದೆ.